ಗಡೀಪಾರಾದ ಗಾಯಕಿ: ಮಿರಿಯಂ ಮಕೇಬಾ

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿನಿ, ಪುತ್ತಿಗೆ)

ಮೂಡುಬಿದಿರೆಯ ಸಾವಿರ ಕಂಬದ ಬಸದಿಯನ್ನು ನೋಡದವರು ನಮ್ಮ ಸೀಮೆಯಲ್ಲಿ ವಿರಳ. ಹದಿನೈದನೆಯ ಶತಮಾನದ ಆ ಬಸದಿಯ ಬುಡದ ಕಲ್ಲುಗಳಲ್ಲಿ ನಮಗೆ ಪರಿಚಿತವಾದ ಮೃಗಗಳ ಜೊತೆಗೆ ಉದ್ದ ಕತ್ತಿನ ಒಂದು ಪ್ರಾಣಿಯ ಆಕೃತಿಯೂ ಇದೆ. ತಿಳಿದವರು ಅದನ್ನು ಜಿರಾಫೆಯೆಂದು ಗುರುತಿಸುತ್ತಾರೆ. ನಮ್ಮ ಕಾಡುಗಳಲ್ಲಿ ಜಿರಾಫೆ ಎಂದೂ ಇದ್ದದ್ದಿಲ್ಲ. ಅದು ಆಫ್ರಿಕಾದ ಪ್ರಾಣಿ. ಚೌಟರ ನಾಡಿನ ಕಲ್ಲಿನ ಮೇಲೆ ಅದು ಮೂಡಬೇಕಾದರೆ, ಅದನ್ನು ಕಂಡವರೋ, ಕಂಡವರಿಂದ ಕೇಳಿದವರೋ ಕಡಲು ದಾಟಿ ಇಲ್ಲಿಗೆ ಬಂದಿರಲೇಬೇಕು. ಆಫ್ರಿಕಾ ನಮಗೆ ತೋರುವಷ್ಟು ದೂರದ ಖಂಡವಲ್ಲ. ನಮಗೂ ಅದಕ್ಕೂ ನಡುವೆ ಇರುವುದು ಒಂದು ಕಡಲು ಮಾತ್ರ.

ಅದೇ ಕಡಲಿನ ಮೇಲೆ ಮನುಷ್ಯರೂ ಬಂದರು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲೆಗಳ ಕಾಡಂಚಿನಲ್ಲಿ ವಾಸಿಸುವ ಸಿದ್ದಿ ಜನರ ಪೂರ್ವಿಕರು ಆಫ್ರಿಕಾದವರು. ಅವರಲ್ಲಿ ಅನೇಕರನ್ನು ಪೋರ್ಚುಗೀಸರು ಗುಲಾಮರನ್ನಾಗಿ ಗೋವೆಗೆ ತಂದರೆಂದೂ, ಅಲ್ಲಿಂದ ತಪ್ಪಿಸಿಕೊಂಡವರು ಘಟ್ಟದ ಕಾಡುಗಳನ್ನು ಸೇರಿದರೆಂದೂ ಚರಿತ್ರೆ ಹೇಳುತ್ತದೆ. ಇಂದು ಅವರು ಆಡುವುದು ಕೊಂಕಣಿ, ಕನ್ನಡ, ಮರಾಠಿ, ಉರ್ದು. ಪೂರ್ವಿಕರ ನುಡಿ ಮರೆತುಹೋಗಿದೆ. ಆದರೆ ಡಮಾಮಿಯೆಂಬ ಚರ್ಮವಾದ್ಯದ ಬಡಿತವೂ ಅದರ ಜೊತೆಗಿನ ಕುಣಿತವೂ ಉಳಿದಿವೆ. ಮನುಷ್ಯನಿಂದ ಮನೆ, ಹೆಸರು, ಭಾಷೆಗಳೆಲ್ಲ ಕಳೆದುಹೋದ ಮೇಲೂ ಕಡೆಯಲ್ಲಿ ಉಳಿಯುವುದು ಲಯವೆಂದು ತೋರುತ್ತದೆ. ಈ ವಿಚಾರ ಮನಸ್ಸಿನಲ್ಲಿದ್ದಾಗಲೇ ನಾನು ದಕ್ಷಿಣ ಆಫ್ರಿಕಾದ ಗಾಯಕಿ ಮಿರಿಯಂ ಮಕೇಬಾಳ ಜೀವನವನ್ನು ಓದಿದೆ. ಮೂವತ್ತು ವರ್ಷ ಪರದೇಶಗಳಲ್ಲಿ ಅಲೆದು, ತನ್ನ ಜನರ ಹಾಡನ್ನು ಹೊಸ ಕಾಲದ ವಾದ್ಯಗಳೊಂದಿಗೆ ಬೆಸೆದು, ಲೋಕವೆಲ್ಲ ತಲೆದೂಗುವಂತೆ ಮಾಡಿದ ಈ ಹೆಣ್ಣುಮಗಳ ಕಥೆಯನ್ನು ನನ್ನ ಸಹಪಾಠಿಗಳಿಗೆ ತಿಳಿಸಬೇಕೆಂಬ ಆಸೆಯಿಂದ ಈ ನಾಲ್ಕು ಪುಟಗಳನ್ನು ಬರೆಯುತ್ತಿದ್ದೇನೆ.

ಮಿರಿಯಂ ಹುಟ್ಟಿದ್ದು ೧೯೩೨ರ ಮಾರ್ಚ್ ೪ರಂದು, ಜೊಹಾನ್ಸ್‌ಬರ್ಗ್ ನಗರದ ಹತ್ತಿರದ ಪ್ರಾಸ್ಪೆಕ್ಟ್ ಎಂಬ ಕರಿಯರ ವಸತಿಯಲ್ಲಿ. ತಂದೆ ಷೋಸಾ ಜನಾಂಗದವನು, ಉಪಾಧ್ಯಾಯ ವೃತ್ತಿಯವನು. ತಾಯಿ ಸ್ವಾಜಿ ಜನಾಂಗದವಳು. ಬಿಳಿಯರ ಮನೆಗಳಲ್ಲಿ ಚಾಕರಿ ಮಾಡುತ್ತಿದ್ದಳು. ಜೊತೆಗೆ ತಮ್ಮವರ ಸಂಪ್ರದಾಯದಂತೆ ನಾಟಿ ವೈದ್ಯವನ್ನೂ ಬಲ್ಲವಳು. ಹೆರಿಗೆ ಬಹಳ ಕಷ್ಟದ್ದಾಯಿತಂತೆ. ನೀನೇ ತಂದುಕೊಂಡದ್ದು, ಅನುಭವಿಸು ಎಂಬರ್ಥದ ಮಾತನ್ನು ಅಜ್ಜಿ ಬಾಣಂತಿಯ ಬಳಿ ಗೊಣಗಿಕೊಂಡಳಂತೆ. ಆ ಮಾತೇ ಮಗುವಿನ ಹೆಸರಾಯಿತು: ಝೆಂಝಿಲೆ. ಮುಂದಿನ ಬದುಕನ್ನು ನೋಡಿದರೆ, ಅಜ್ಜಿಯ ಬಾಯಿಂದ ಬಂದದ್ದು ಗೊಣಗಾಟವೋ ಭವಿಷ್ಯವಾಣಿಯೋ ಎಂಬ ಸಂಶಯ ಹುಟ್ಟುತ್ತದೆ.

ಮಗುವಿಗೆ ಹದಿನೆಂಟು ದಿನವಾಗಿದ್ದಾಗ ತಾಯಿಯನ್ನು ಪೊಲೀಸರು ಹಿಡಿದೊಯ್ದರು. ಆಕೆಯ ಅಪರಾಧವೆಂದರೆ ಹೊಟ್ಟೆಪಾಡಿಗಾಗಿ ಮನೆಯಲ್ಲಿ ಧಾನ್ಯದ ಮದ್ಯ ತಯಾರಿಸಿ ಮಾರಿದ್ದು. ದಂಡ ಕಟ್ಟಲು ಹಣವಿರಲಿಲ್ಲ; ಆರು ತಿಂಗಳ ಸೆರೆವಾಸವಾಯಿತು. ಮೊಲೆಹಾಲು ಕುಡಿಯುವ ಕೂಸು ತಾಯಿಯ ಜೊತೆಗೆ ಸೆರೆಮನೆಗೆ ಹೋಯಿತು. ಹೀಗೆ ಮಿರಿಯಂ ಮಕೇಬಾ ಬದುಕಿನ ಮೊದಲ ಆರು ತಿಂಗಳನ್ನು ಕಂಬಿಗಳ ಹಿಂದೆ ಕಳೆದಳು. ನಮ್ಮ ಪುರಾಣದಲ್ಲಿ ಸೆರೆಮನೆಯಲ್ಲಿ ಹುಟ್ಟಿದ ಮಗುವನ್ನು ಅಂದೇ ರಾತ್ರಿ ಹೊರಗೆ ಸಾಗಿಸಿದ ಕಥೆಯುಂಟು. ಈ ಮಗುವಿಗೆ ಯಮುನೆ ದಾರಿಬಿಡಲಿಲ್ಲ.

ಅವಳಿಗೆ ಇನ್ನೂ ಆರು ವರ್ಷದ ಪ್ರಾಯವಿದ್ದಾಗ ತಂದೆ ತೀರಿಹೋದನು. ತಾಯಿ ದೂರದಲ್ಲಿ ದುಡಿಯಬೇಕಾದ್ದರಿಂದ ಹುಡುಗಿ ಪ್ರಿಟೋರಿಯಾದ ಅಜ್ಜಿಯ ಮನೆಯಲ್ಲಿ, ಮಕ್ಕಳ ದೊಡ್ಡ ಗುಂಪಿನ ನಡುವೆ ಬೆಳೆದಳು. ಕಿಲ್ನರ್ಟನ್ ಎಂಬಲ್ಲಿ ಮೆಥಡಿಸ್ಟ್ ಪಾದ್ರಿಗಳು ನಡೆಸುತ್ತಿದ್ದ ಶಾಲೆಯಲ್ಲಿ ಓದಿದಳು. ಅಲ್ಲಿಯ ಗಾಯನವೃಂದದಲ್ಲಿ ಅವಳ ಕಂಠಕ್ಕೆ ಮೊದಲ ಶಿಕ್ಷಣ ದೊರೆಯಿತು. ನಾಲ್ಕು ಬಗೆಯ ಧ್ವನಿಗಳನ್ನು ಒಂದರ ಮೇಲೊಂದು ಪೇರಿಸಿ ಹಾಡುವ ಇಗರ್ಜಿಯ ಪದ್ಧತಿ ಅಲ್ಲಿಂದ ಬಂತು. ಮನೆಯಲ್ಲಿ ತಾಯಿ ಬಂದಾಗ ಷೋಸಾ, ಝೂಲು, ಸ್ವಾಜಿ ಪದಗಳು. ಬೀದಿಯಲ್ಲಿ ಗ್ರಾಮಾಫೋನಿನಿಂದ ಹೊರಡುವ ಅಮೇರಿಕದ ಜಾಜ್ ಸಂಗೀತ. ಈ ಮೂರೂ ತೊರೆಗಳು ಬಾಲ್ಯದಲ್ಲೇ ಅವಳ ಕಿವಿಯಲ್ಲಿ ಕೂಡಿಕೊಂಡವು. ಮುಂದೆ ಲೋಕ ಮೆಚ್ಚಿದ ಮಿಶ್ರಣವನ್ನು ಅವಳು ಲೆಕ್ಕಹಾಕಿ ಮಾಡಿದ್ದಲ್ಲ. ಅವಳು ಬೆಳೆದ ವಾತಾವರಣವೇ ಮಿಶ್ರವಾದದ್ದು.

ಹದಿನೇಳು ಹದಿನೆಂಟರ ಪ್ರಾಯದಲ್ಲಿ ಮದುವೆಯಾಯಿತು. ೧೯೫೦ರಲ್ಲಿ ಬೋಂಗಿ ಎಂಬ ಮಗಳು ಹುಟ್ಟಿದಳು. ಸ್ವಲ್ಪ ಕಾಲದಲ್ಲೇ ಮಿರಿಯಂಗೆ ಸ್ತನದ ಕ್ಯಾನ್ಸರ್ ಇರುವುದಾಗಿ ಗೊತ್ತಾಯಿತು. ಗಂಡ ಬಿಟ್ಟುಹೋದನು. ತಾಯಿ ತನಗೆ ತಿಳಿದ ಔಷಧೋಪಚಾರ ಮಾಡಿದಳು, ಮಗಳು ಉಳಿದುಕೊಂಡಳು. ಇಪ್ಪತ್ತರ ಹರೆಯಕ್ಕೆ ಬರುವಷ್ಟರಲ್ಲಿ ಅವಳು ಹೆಂಡತಿಯಾಗಿ, ತಾಯಿಯಾಗಿ, ರೋಗಿಯಾಗಿ, ಪರಿತ್ಯಕ್ತೆಯಾಗಿ ಒಂದು ಜೀವಮಾನವನ್ನೇ ಕಳೆದಿದ್ದಳು. ನನ್ನ ವಯಸ್ಸೂ ಈಗ ಅಷ್ಟೇ. ಪರೀಕ್ಷೆಯ ಭಯವನ್ನೇ ದೊಡ್ಡದೆಂದು ತಿಳಿದಿರುವ ನಮ್ಮಂಥವರು ಈ ಸಾಲನ್ನು ಒಮ್ಮೆ ನಿಂತು ಓದುವುದು ಒಳ್ಳೆಯದು.

ಅದೇ ವೇಳೆಗೆ ದೇಶದ ಗತಿಯೂ ಕೆಟ್ಟಿತ್ತು. ೧೯೪೮ರಲ್ಲಿ ಅಧಿಕಾರಕ್ಕೆ ಬಂದ ಬಿಳಿಯರ ಪಕ್ಷ ವರ್ಣಭೇದವನ್ನು ರಾಜ್ಯದ ಕಾನೂನನ್ನಾಗಿ ಮಾಡಿತು. ಯಾವ ಬಣ್ಣದವನು ಎಲ್ಲಿ ವಾಸಿಸಬೇಕು, ಯಾರನ್ನು ಮದುವೆಯಾಗಬೇಕು, ಯಾವ ಬೆಂಚಿನ ಮೇಲೆ ಕೂರಬೇಕು ಎಂಬುದನ್ನೆಲ್ಲ ಸರಕಾರವೇ ಗೊತ್ತುಮಾಡಿತು. ಕರಿಯನು ತನ್ನ ನಾಡಿನ ಪೇಟೆಯಲ್ಲಿ ನಡೆದಾಡಬೇಕಾದರೂ ಕಿಸೆಯಲ್ಲಿ ರಹದಾರಿ ಪುಸ್ತಕ ಇರಬೇಕು. ಗಾಂಧೀಜಿಯವರು ೧೮೯೩ರಿಂದ ೧೯೧೪ರವರೆಗೆ ಹೋರಾಡಿದ ನೆಲ ಅದೇ. ಅವರ ಟಾಲ್‌ಸ್ಟಾಯ್ ಆಶ್ರಮವಿದ್ದದ್ದು ಅದೇ ಜೊಹಾನ್ಸ್‌ಬರ್ಗಿನ ಹತ್ತಿರ. ಅವರು ಬಿಟ್ಟುಬಂದ ಮೇಲೆ ಅಲ್ಲಿಯ ಕತ್ತಲೆ ಇನ್ನಷ್ಟು ದಟ್ಟವಾಯಿತೇ ಹೊರತು ಹರಿಯಲಿಲ್ಲ.

ಆದರೆ ಆ ಕತ್ತಲೆಯಲ್ಲೇ ಜೊಹಾನ್ಸ್‌ಬರ್ಗಿನ ಕರಿಯರ ಕೇರಿಗಳು, ಅದರಲ್ಲೂ ಸೋಫಿಯಾಟೌನ್ ಎಂಬ ಭಾಗ, ಹಾಡಿನಿಂದ ತುಂಬಿದ್ದವು. ಚಿನ್ನದ ಗಣಿಗಳಲ್ಲಿ ದುಡಿಯಲು ನಾನಾ ಕಡೆಗಳಿಂದ ಬಂದ ಜನ ತಮ್ಮ ತಮ್ಮ ಪದಗಳನ್ನು ತಂದಿದ್ದರು. ತಗಡಿನ ಕೊಳಲು, ಹಳೆಯ ಪಿಯಾನೊ, ಗಿಟಾರುಗಳೊಂದಿಗೆ ಅವು ಕಲೆತು ಹೊಸದೊಂದು ನಗರ ಸಂಗೀತ ಹುಟ್ಟಿತ್ತು. ಮಿರಿಯಂ ಮೊದಲು ಒಂದು ಸಣ್ಣ ಮೇಳದಲ್ಲಿ ಹಾಡಿ, ಬಳಿಕ ಆಗ ಬಹು ಪ್ರಸಿದ್ಧವಾಗಿದ್ದ ಮ್ಯಾನ್‌ಹಟನ್ ಬ್ರದರ್ಸ್ ಎಂಬ ಗಂಡಸರ ಮೇಳವನ್ನು ಸೇರಿದಳು. ೧೯೫೬ರ ಸುಮಾರಿಗೆ ಸ್ಕೈಲಾರ್ಕ್ಸ್ ಎಂಬ ಹೆಂಗಸರ ಮೇಳದಲ್ಲಿ ಹಾಡತೊಡಗಿದಳು. ಧ್ವನಿಮುದ್ರಿಕೆಗಳು ಊರೂರಿಗೆ ಹೋದವು, ಹೆಸರು ಬಂತು. ಹಣ ಮಾತ್ರ ಹೆಚ್ಚು ಬರಲಿಲ್ಲ. ಸೋಫಿಯಾಟೌನನ್ನು ಸರಕಾರ ೧೯೫೫ರಿಂದ ಕೆಡವತೊಡಗಿ, ಅಲ್ಲಿಯವರನ್ನು ಲಾರಿಗಳಲ್ಲಿ ತುಂಬಿ ಬೇರೆಡೆಗೆ ಸಾಗಿಸಿತು. ಹಾಡು ಹುಟ್ಟಿದ ಕೇರಿ ಮಣ್ಣುಪಾಲಾಯಿತು.

ಎರಡು ಘಟನೆಗಳು ಅವಳನ್ನು ದೇಶದ ಹೊರಗೆ ಪರಿಚಯಿಸಿದವು. ಲಯೊನೆಲ್ ರೊಗೋಸಿನ್ ಎಂಬ ಅಮೇರಿಕದ ನಿರ್ದೇಶಕನು ಕರಿಯರ ಬಾಳನ್ನು ಕುರಿತು ಸರಕಾರದ ಕಣ್ಣುತಪ್ಪಿಸಿ ಒಂದು ಚಲನಚಿತ್ರ ತೆಗೆದನು. ಅದರಲ್ಲಿ ಮಿರಿಯಂ ಕೆಲವೇ ನಿಮಿಷ ಕಾಣಿಸಿಕೊಂಡು ಎರಡು ಹಾಡು ಹಾಡಿದಳು. ೧೯೫೯ರಲ್ಲಿ ಆ ಚಿತ್ರ ವೆನಿಸ್ ಉತ್ಸವದಲ್ಲಿ ಪ್ರದರ್ಶಿತವಾದಾಗ ನೋಡಿದವರು ಆ ಗಾಯಕಿ ಯಾರೆಂದು ವಿಚಾರಿಸತೊಡಗಿದರು. ಅದೇ ವರ್ಷ ಜೊಹಾನ್ಸ್‌ಬರ್ಗಿನಲ್ಲಿ, ಒಬ್ಬ ಕರಿಯ ಮುಷ್ಟಿಮಲ್ಲನ ದುರಂತವನ್ನು ಕುರಿತ ಕಿಂಗ್ ಕಾಂಗ್ ಎಂಬ ಸಂಗೀತ ನಾಟಕದಲ್ಲಿ ಅವಳು ನಾಯಕಿಯ ಪಾತ್ರ ವಹಿಸಿದಳು. ಅದನ್ನು ವಿಶ್ವವಿದ್ಯಾಲಯದ ಸಭಾಂಗಣದಲ್ಲಿ ಆಡಿದ್ದರಿಂದ ಬಿಳಿಯರೂ ಕರಿಯರೂ ಒಂದೇ ಸೂರಿನಡಿ ಕುಳಿತು ನೋಡುವ ಅಪರೂಪದ ಅವಕಾಶ ದೊರೆಯಿತು. ವಿದ್ಯಾಲಯದ ಗೋಡೆಯೊಳಗೆ ಆ ದೇಶದ ಕಾನೂನು ಕೊಂಚ ಸಡಿಲಿತೆಂಬುದನ್ನು ವಿದ್ಯಾರ್ಥಿಗಳಾದ ನಾವು ನೆನಪಿನಲ್ಲಿಡಬೇಕು.

ವೆನಿಸ್ಸಿನಿಂದ ಲಂಡನ್ನಿಗೆ ಹೋದಾಗ ಹ್ಯಾರಿ ಬೆಲಫಾಂಟೆಯ ಪರಿಚಯವಾಯಿತು. ಅಮೇರಿಕದ ಕರಿಯ ಗಾಯಕರಲ್ಲಿ ಆತ ಆಗ ಅಗ್ರಗಣ್ಯ. ಆತನ ನೆರವಿನಿಂದ ೧೯೫೯ರ ನವೆಂಬರಿನಲ್ಲಿ ಅವಳು ಅಮೇರಿಕ ಸೇರಿದಳು. ದೂರದರ್ಶನದಲ್ಲಿ ಹಾಡಿದಳು, ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್ ಎಂಬ ಸಂಗೀತಶಾಲೆಯಲ್ಲಿ ಹಾಡಿದಳು. ಕೂದಲನ್ನು ನೀಳವಾಗಿ ತೀಡಿಕೊಳ್ಳುವುದೇ ನಾಗರಿಕತೆಯೆಂದು ಭಾವಿಸಿದ್ದ ಕಾಲದಲ್ಲಿ ತನ್ನ ಗುಂಗುರು ಕೂದಲನ್ನು ಇದ್ದಂತೆಯೇ ಬಿಟ್ಟುಕೊಂಡು, ಮುಖಕ್ಕೆ ಹೆಚ್ಚಿನ ಬಣ್ಣವಿಲ್ಲದೆ ವೇದಿಕೆಗೆ ಬಂದಳು. ಅಮೇರಿಕದ ಕರಿಯ ಹೆಣ್ಣುಮಕ್ಕಳಿಗೆ ಅದು ಕಣ್ಣು ತೆರೆಸಿದ ನೋಟವಾಯಿತು.

ಆಗ ಕೇಳುಗರನ್ನು ಬೆರಗುಗೊಳಿಸಿದ್ದು ಷೋಸಾ ಜನರ ಒಂದು ಮದುವೆಯ ಹಾಡು. ಷೋಸಾ ಭಾಷೆಯಲ್ಲಿ ನಾಲಗೆಯಿಂದ ಚಟಪಟ ಎನ್ನಿಸುವ ವ್ಯಂಜನಗಳಿವೆ. ಇವನ್ನು ವಿವರಿಸುವುದು ಕನ್ನಡಿಗರಿಗೆ ಕಷ್ಟವಲ್ಲ. ಯಾರದಾದರೂ ದುಃಖ ಕೇಳಿ ನಾವು ಲೊಚಗುಟ್ಟುತ್ತೇವಲ್ಲ, ಅದು ಒಂದು ಬಗೆ. ಉಳುವ ಎತ್ತನ್ನು ಹುರಿದುಂಬಿಸಲು ದವಡೆಯ ಬದಿಯಿಂದ ಹೊರಡಿಸುವ ಸದ್ದು ಇನ್ನೊಂದು ಬಗೆ. ನಾಲಗೆಯನ್ನು ಅಂಗುಳಕ್ಕೆ ಒತ್ತಿ ಸೆಳೆದಾಗ ಬಾಟಲಿಯ ಬಿರಡೆ ಕಿತ್ತಂತೆ ಕೇಳಿಸುವುದು ಮೂರನೆಯದು. ನಮ್ಮಲ್ಲಿ ಇವು ಮಾತಿನ ಹೊರಗಿನ ಸದ್ದುಗಳು; ಷೋಸಾದಲ್ಲಿ ಇವೇ ಅಕ್ಷರಗಳು. ಬಿಳಿಯರ ನಾಲಗೆಗೆ ಹಾಡಿನ ಹೆಸರು ಹೊರಳದ್ದರಿಂದ ಅವರು ಅದಕ್ಕೆ ಕ್ಲಿಕ್ ಸಾಂಗ್ ಎಂದು ಹೆಸರಿಟ್ಟರು. ಮಿರಿಯಂ ಅವರು ಇಟ್ಟ ಹೆಸರನ್ನು ಹೇಳಿ ನಕ್ಕು, ಮತ್ತೆ ಅದರ ನಿಜವಾದ ಹೆಸರನ್ನೂ ಹೇಳಿಯೇ ಹಾಡುತ್ತಿದ್ದಳು. ಇದು ಸಣ್ಣ ಸಂಗತಿಯಲ್ಲ. ಬಂದ ನಾಡಿನವರಿಗೆ ಅನುಕೂಲವಾಗಲೆಂದು ತನ್ನ ನುಡಿಯನ್ನು ಅವಳು ಮೊಟಕುಗೊಳಿಸಲಿಲ್ಲ. ಅವರ ಕಿವಿಯನ್ನೇ ತನ್ನ ನುಡಿಗೆ ಹೊಂದಿಸಿಕೊಂಡಳು.

೧೯೬೦ರ ಮಾರ್ಚ್ ೨೧ರಂದು ಶಾರ್ಪ್‌ವಿಲ್ ಎಂಬಲ್ಲಿ ರಹದಾರಿ ಕಾನೂನಿನ ವಿರುದ್ಧ ಸೇರಿದ್ದ ನಿರಾಯುಧ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ೬೯ ಮಂದಿ ಸತ್ತರು. ಸತ್ತವರಲ್ಲಿ ಮಿರಿಯಂಳ ಬಂಧುಗಳೂ ಇದ್ದರು. ಅದೇ ವರ್ಷ ಅವಳ ತಾಯಿಯೂ ತೀರಿಕೊಂಡಳು. ಅಂತ್ಯಕ್ರಿಯೆಗೆ ಹೋಗಲೆಂದು ಅವಳು ನ್ಯೂಯಾರ್ಕಿನಲ್ಲಿದ್ದ ತನ್ನ ದೇಶದ ರಾಯಭಾರ ಕಚೇರಿಗೆ ಹೋದಳು. ಅಲ್ಲಿ ಅವಳ ಪಾಸ್‌ಪೋರ್ಟನ್ನು ರದ್ದುಪಡಿಸಲಾಗಿತ್ತು. ಸೆರೆಮನೆಯಲ್ಲಿ ತನ್ನನ್ನು ಎದೆಗವಚಿಕೊಂಡಿದ್ದ ತಾಯಿಗೆ ಒಂದು ಹಿಡಿ ಮಣ್ಣು ಹಾಕುವ ಭಾಗ್ಯವೂ ಅವಳಿಗೆ ದೊರೆಯಲಿಲ್ಲ. ನಮ್ಮಲ್ಲಿ ಎಷ್ಟೇ ದೂರವಿದ್ದರೂ ತಾಯಿಯ ಬೊಜ್ಜಕ್ಕೆ ಮಕ್ಕಳು ಬಂದೇ ಬರುತ್ತಾರೆ. ಬಾರದವರನ್ನು ಊರು ಕ್ಷಮಿಸುವುದಿಲ್ಲ. ಬರಲು ಬಿಡದ ಸರಕಾರವನ್ನು ಏನೆನ್ನಬೇಕು?

ಅಲ್ಲಿಯವರೆಗೆ ಅವಳು ಕೇವಲ ಗಾಯಕಿಯಾಗಿದ್ದಳು. ಈ ಪೆಟ್ಟು ಅವಳನ್ನು ಸಾಕ್ಷಿಯನ್ನಾಗಿ ಮಾಡಿತು. ೧೯೬೩ರ ಜುಲೈಯಲ್ಲಿ ವಿಶ್ವಸಂಸ್ಥೆಯ ವರ್ಣಭೇದ ವಿರೋಧಿ ಸಮಿತಿಯ ಮುಂದೆ ನಿಂತು, ತನ್ನ ನಾಡು ಒಂದು ದೊಡ್ಡ ಸೆರೆಮನೆಯಾಗಿದೆಯೆಂಬುದನ್ನು ಲೋಕಕ್ಕೆ ತಿಳಿಸಿದಳು. ಆ ಸರಕಾರಕ್ಕೆ ಆಯುಧಗಳನ್ನು ಮಾರಬಾರದೆಂದು ಬೇಡಿದಳು. ದಕ್ಷಿಣ ಆಫ್ರಿಕಾದ ಸರಕಾರ ಕೊಟ್ಟ ಉತ್ತರ ಸ್ಪಷ್ಟವಾಗಿತ್ತು: ಅವಳ ಪೌರತ್ವವನ್ನು ಕಿತ್ತುಕೊಂಡಿತು, ಅವಳ ಧ್ವನಿಮುದ್ರಿಕೆಗಳನ್ನು ನಿಷೇಧಿಸಿತು. ಈ ಸಂದರ್ಭದಲ್ಲಿ ನಮ್ಮ ದೇಶವನ್ನು ಹೆಮ್ಮೆಯಿಂದ ಸ್ಮರಿಸಬಹುದು. ಸ್ವಾತಂತ್ರ್ಯ ಕೈಗೆ ಬರುವ ಮೊದಲೇ, ೧೯೪೬ರಲ್ಲಿ, ಭಾರತ ದಕ್ಷಿಣ ಆಫ್ರಿಕಾದೊಡನೆ ವ್ಯಾಪಾರ ಸಂಬಂಧವನ್ನು ಕಡಿದುಕೊಂಡು ಆ ಪ್ರಶ್ನೆಯನ್ನು ವಿಶ್ವಸಂಸ್ಥೆಯ ಮುಂದೆ ಇಟ್ಟಿತ್ತು.

ತನ್ನ ನಾಡು ಬೇಡವೆಂದವಳನ್ನು ಬೇರೆ ನಾಡುಗಳು ಕರೆದವು. ಹೊಸದಾಗಿ ಸ್ವತಂತ್ರವಾಗುತ್ತಿದ್ದ ಆಫ್ರಿಕಾದ ದೇಶಗಳು ಅವಳಿಗೆ ಪಾಸ್‌ಪೋರ್ಟ್ ಕೊಟ್ಟವು. ೧೯೬೩ರಲ್ಲಿ ಅಡಿಸ್ ಅಬಾಬಾದಲ್ಲಿ ಆಫ್ರಿಕಾದ ಐಕ್ಯ ಸಂಸ್ಥೆ ಸ್ಥಾಪನೆಯಾದಾಗ ಅವಳು ಅಲ್ಲಿ ಹಾಡಿದಳು. ಜನ ಅವಳನ್ನು ಆಫ್ರಿಕಾದ ಅಮ್ಮ ಎಂದು ಕರೆದರು. ಬೆಲಫಾಂಟೆಯ ಜೊತೆ ಮಾಡಿದ ಧ್ವನಿಮುದ್ರಿಕೆಗೆ ೧೯೬೬ರಲ್ಲಿ ಗ್ರ್ಯಾಮಿ ಪ್ರಶಸ್ತಿ ಬಂತು. ಆಫ್ರಿಕಾದ ಕಲಾವಿದರಲ್ಲಿ ಆ ಗೌರವ ಪಡೆದ ಮೊದಲಿಗಳು ಅವಳೇ. ಜೊಹಾನ್ಸ್‌ಬರ್ಗಿನ ಕೇರಿಗಳ ಒಂದು ಕುಣಿತವನ್ನು ಕುರಿತ ಪಾಟಾ ಪಾಟಾ ಎಂಬ ಹಾಡನ್ನು ಅವಳು ೧೯೬೭ರಲ್ಲಿ ಅಮೇರಿಕದಲ್ಲಿ ಹೊಸದಾಗಿ ಹಾಡಿದಾಗ, ಅದು ಅಲ್ಲಿಯ ಜನಪ್ರಿಯ ಗೀತೆಗಳ ಪಟ್ಟಿಯಲ್ಲಿ ೧೨ನೆಯ ಸ್ಥಾನಕ್ಕೆ ಏರಿತು. ಪಾಟಾ ಎಂದರೆ ಮುಟ್ಟು ಎಂದರ್ಥ. ನೋವನ್ನು ಹೇಳುವ ಅಷ್ಟು ಹಾಡುಗಳನ್ನು ಬಿಟ್ಟು ಅರ್ಥಗೌರವವಿಲ್ಲದ ಈ ಕುಣಿತದ ಹಾಡನ್ನೇ ಜನ ಅಷ್ಟೊಂದು ಮೆಚ್ಚಿದರಲ್ಲ ಎಂದು ಅವಳಿಗೇ ಆಶ್ಚರ್ಯವಾಗಿತ್ತು.

ಈ ಬೆಸುಗೆಯ ಮರ್ಮವೇನೆಂದು ನಾನು ಅವಳ ಹಾಡುಗಳನ್ನು ಕೇಳುತ್ತ ಯೋಚಿಸಿದ್ದೇನೆ. ಹೊಸ ಕಾಲದ ಗಿಟಾರು, ತಾಳವಾದ್ಯ, ಹಿಮ್ಮೇಳದ ಜೋಡಣೆ ಎಲ್ಲವೂ ಅಲ್ಲಿವೆ. ಆದರೆ ಹಾಡಿನ ಬೆನ್ನೆಲುಬು ಹಳೆಯದೇ: ಒಬ್ಬಳು ಎತ್ತಿಕೊಡುತ್ತಾಳೆ, ಉಳಿದವರು ಒಟ್ಟಾಗಿ ಮರುನುಡಿಯುತ್ತಾರೆ. ಇದನ್ನು ಕೇಳಿದಾಗ ನನಗೆ ಪರಕೀಯವೆನಿಸಲಿಲ್ಲ. ನಮ್ಮ ತುಳುನಾಡಿನ ಗದ್ದೆಗಳಲ್ಲಿ ನೇಜಿ ನೆಡುವ ಹೆಂಗಸರು ಪಾಡ್ದನ ಹೇಳುವ ಕ್ರಮವೂ ಇದೇ. ನನ್ನ ತಾಯಿ ಶಾಲೆಗೆ ಹೋದವಳಲ್ಲ. ಆದರೆ ಬೆಳಗಿನಿಂದ ಮಧ್ಯಾಹ್ನದವರೆಗೆ ಒಂದೇ ಕಥೆಯನ್ನು ಹಾಡಿನಲ್ಲಿ ಎಳೆಯಬಲ್ಲಳು. ಸಾಲಿನಲ್ಲಿ ಬಗ್ಗಿದ ಉಳಿದವರು ಸೊಲ್ಲು ಹಿಡಿದರೆ ಬೆನ್ನುನೋವು ತಿಳಿಯುವುದಿಲ್ಲವೆಂದು ಹೇಳುತ್ತಾಳೆ. ಈಗ ಬಹಳ ಗದ್ದೆಗಳು ಅಡಿಕೆ ತೋಟಗಳಾಗಿವೆ. ಉಳಿದ ಕಡೆ ನಾಟಿಗೆ ಯಂತ್ರ ಬಂದಿದೆ. ಯಂತ್ರಕ್ಕೆ ಸೊಲ್ಲು ಬೇಕಾಗಿಲ್ಲ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗಳು. ಶೇಕ್ಸ್‌ಪಿಯರನ ನಾಟಕ, ಪಂಪನ ಕಾವ್ಯಗಳನ್ನು ಕಲಿತ ನನಗೆ ತಾಯಿಯ ಒಂದು ಪಾಡ್ದನವೂ ಪೂರ್ತಿ ಬಾರದು. ಮಿರಿಯಂಳ ತಾಯಿಯೂ ಕೂಲಿಯ ಹೆಂಗಸೇ. ಆ ತಾಯಿಯ ಬಾಯಲ್ಲಿದ್ದುದನ್ನು ಮಗಳು ನ್ಯೂಯಾರ್ಕಿನವರೆಗೆ ಒಯ್ದಳು. ಹಳೆಯದನ್ನು ಉಳಿಸುವುದೆಂದರೆ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುವುದಲ್ಲ, ಅದನ್ನು ಹೊಸ ಕಾಲದ ಬೀದಿಗೆ ಧೈರ್ಯವಾಗಿ ತರುವುದು ಎಂಬ ಪಾಠವನ್ನು ನಾನು ಆಕೆಯಿಂದ ಕಲಿತೆ.

ಕೀರ್ತಿಯ ಶಿಖರದಲ್ಲಿದ್ದಾಗಲೇ ಎರಡನೆಯ ಬಾಗಿಲೂ ಮುಚ್ಚಿತು. ಜೊತೆಗಾರ ಕಲಾವಿದ ಹ್ಯೂ ಮಸೆಕೇಲಾನೊಡನೆ ೧೯೬೪ರಲ್ಲಿ ಆಗಿದ್ದ ಮದುವೆ ೧೯೬೬ರಲ್ಲಿ ಮುರಿದಿತ್ತು. ೧೯೬೮ರಲ್ಲಿ ಅವಳು ಸ್ಟೋಕ್ಲಿ ಕಾರ್ಮೈಕಲ್‌ನನ್ನು ಮದುವೆಯಾದಳು. ಆತ ಕರಿಯರ ಶಕ್ತಿಯ ಚಳವಳಿಯ ಉಗ್ರ ನಾಯಕ; ಅಮೇರಿಕದ ಪೊಲೀಸರ ಕಣ್ಣಿಗೆ ಮುಳ್ಳಾಗಿದ್ದವನು. ಅದುವರೆಗೆ ಅವಳ ಹಾಡಿಗೆ ಚಪ್ಪಾಳೆ ತಟ್ಟಿದ ಅಮೇರಿಕ ಕೂಡಲೇ ಮುಖ ತಿರುಗಿಸಿತು. ಕಚೇರಿಗಳು ರದ್ದಾದವು, ಒಪ್ಪಂದಗಳು ಮುರಿದವು, ಆಕಾಶವಾಣಿಯಲ್ಲಿ ಅವಳ ಹಾಡು ಕೇಳಿಸುವುದು ಕಡಿಮೆಯಾಯಿತು. ದೂರದ ದೇಶದ ಅನ್ಯಾಯವನ್ನು ಹೇಳುವ ಗಾಯಕಿ ಅವರಿಗೆ ಬೇಕಾಗಿದ್ದಳು. ತಮ್ಮ ಮನೆಯ ಅನ್ಯಾಯವನ್ನು ಎತ್ತಿ ಆಡುವವನ ಹೆಂಡತಿ ಬೇಡವಾದಳು.

ದಂಪತಿಗಳು ಪಶ್ಚಿಮ ಆಫ್ರಿಕಾದ ಗಿನಿ ದೇಶವನ್ನು ಸೇರಿದರು. ಕಾರ್ಮೈಕಲ್‌ನೊಡನೆ ಬಾಳುವೆ ಕೆಲವೇ ವರ್ಷಗಳಲ್ಲಿ ಮುಗಿದರೂ ಗಿನಿಯಲ್ಲಿ ಅವಳು ಸುಮಾರು ಹದಿನೈದು ವರ್ಷ ನೆಲೆಸಿದಳು. ಅಲ್ಲಿಯ ಅಧ್ಯಕ್ಷ ಸೇಕು ತೂರೆ ಅವಳನ್ನು ಆದರಿಸಿದನು. ಅವಳು ಗಿನಿಯ ಪ್ರತಿನಿಧಿಯಾಗಿ ವಿಶ್ವಸಂಸ್ಥೆಯಲ್ಲಿ ಮತ್ತೆ ಮಾತಾಡಿದಳು. ಆ ದೇಶದ ಮೇಳಗಳೊಂದಿಗೆ ಹಾಡಿ, ಪಶ್ಚಿಮ ಆಫ್ರಿಕಾದ ರಾಗಗಳನ್ನೂ ಸೇರಿಸಿಕೊಂಡಳು. ೧೯೭೬ರಲ್ಲಿ ಸೊವೆಟೋದ ಶಾಲಾಮಕ್ಕಳ ಮೇಲೆ ಗುಂಡಿನ ಮಳೆ ಸುರಿದಾಗ, ಆ ಮಕ್ಕಳನ್ನು ಕುರಿತು ಮಸೆಕೇಲಾ ಬರೆದ ಗೀತೆಗೆ ಅವಳ ಕಂಠ ಜೀವ ತುಂಬಿತು. ಆ ಮಕ್ಕಳು ಬೀದಿಗಿಳಿದದ್ದು ಬಲವಂತದ ಪರಭಾಷೆಯಲ್ಲಿ ಪಾಠ ಬೇಡವೆಂದು.

ಇಲ್ಲಿ ಒಂದು ಮಾತನ್ನು ಮರೆಮಾಚದೆ ಹೇಳಬೇಕು. ಸೇಕು ತೂರೆ ಫ್ರೆಂಚರಿಂದ ದೇಶವನ್ನು ಬಿಡಿಸಿದವನಾದರೂ ತನ್ನ ವಿರೋಧಿಗಳನ್ನು ಸೆರೆಮನೆಯಲ್ಲಿ ಕೊಳೆಯಿಸಿದ ಸರ್ವಾಧಿಕಾರಿ. ತನ್ನ ನಾಡಿನ ಸೆರೆಮನೆಯನ್ನು ಖಂಡಿಸಿದ ಗಾಯಕಿ ಗಿನಿಯ ಸೆರೆಮನೆಯ ವಿಚಾರದಲ್ಲಿ ಮೌನವಾಗಿದ್ದಳೆಂಬ ಆಕ್ಷೇಪಣೆ ಇದೆ, ಅದನ್ನು ತಳ್ಳಿಹಾಕಲಾಗದು. ಎಲ್ಲ ಬಾಗಿಲೂ ಮುಚ್ಚಿದಾಗ ಅನ್ನ ನೀರು ಕೊಟ್ಟವನ ಋಣ ಅವಳ ಬಾಯನ್ನು ಕಟ್ಟಿತೇನೋ ಎಂದು ನಾನು ಊಹಿಸುತ್ತೇನೆ. ಉಪ್ಪಿನ ಋಣ ಕರ್ಣನನ್ನೂ ಕಟ್ಟಿಹಾಕಿತ್ತು. ಅದು ಕಾರಣವಾಗಬಹುದು, ಸಮರ್ಥನೆಯಾಗಲಾರದು. ಮಹಾವ್ಯಕ್ತಿಗಳ ಚರಿತ್ರೆ ಬರೆಯುವಾಗ ಆರತಿ ಎತ್ತುವುದೊಂದೇ ನಮ್ಮ ಕೆಲಸವಾಗಬಾರದು.

೧೯೮೫ರಲ್ಲಿ ಅವಳ ಏಕಮಾತ್ರ ಪುತ್ರಿ ಬೋಂಗಿ ಹೆರಿಗೆಯ ತೊಂದರೆಯಿಂದ ಮರಣ ಹೊಂದಿದಳು. ಬೋಂಗಿಯೂ ಹಾಡು ಕಟ್ಟಬಲ್ಲವಳಾಗಿದ್ದಳು. ತಾಯಿಯ ಮಣ್ಣು ಒಂದು ದೇಶದಲ್ಲಿ, ಮಗಳ ಮಣ್ಣು ಇನ್ನೊಂದು ದೇಶದಲ್ಲಿ. ಮೊಮ್ಮಕ್ಕಳ ಹೊಣೆ ಹೊತ್ತು ಮಿರಿಯಂ ಬೆಲ್ಜಿಯಂ ದೇಶದ ಬ್ರಸೆಲ್ಸಿಗೆ ಹೋಗಿ ನೆಲೆಸಿದಳು. ೧೯೮೭ರಲ್ಲಿ ಪಾಲ್ ಸೈಮನ್ ಎಂಬ ಅಮೇರಿಕದ ಗಾಯಕನೊಡನೆ ದೇಶಸಂಚಾರ ಹೊರಟಳು. ದಕ್ಷಿಣ ಆಫ್ರಿಕಾದ ಮೇಲೆ ಇದ್ದ ಸಾಂಸ್ಕೃತಿಕ ಬಹಿಷ್ಕಾರವನ್ನು ಸೈಮನ್ ಮುರಿದನೆಂದು ಹಲವರು ಆಗ ಮುನಿದಿದ್ದರು. ಆದರೂ ಆ ಸಂಚಾರದಿಂದ ಅವಳ ಹಾಡು ಹೊಸ ಪೀಳಿಗೆಗೆ ತಲುಪಿತು. ಜಿಂಬಾಬ್ವೆಯ ಹರಾರೆಯಲ್ಲಿ ಹಾಡಿದಾಗ ಅವಳ ತಾಯ್ನಾಡು ಪಕ್ಕದಲ್ಲೇ ಇತ್ತು; ಗಡಿ ದಾಟುವಂತಿರಲಿಲ್ಲ.

೧೯೯೦ರ ಫೆಬ್ರವರಿಯಲ್ಲಿ ನೆಲ್ಸನ್ ಮಂಡೇಲಾ ೨೭ ವರ್ಷಗಳ ಸೆರೆವಾಸ ಮುಗಿಸಿ ಹೊರಬಂದರು. ಅದೇ ಜೂನ್ ತಿಂಗಳಲ್ಲಿ, ಫ್ರಾನ್ಸ್ ಕೊಟ್ಟ ಪಾಸ್‌ಪೋರ್ಟ್ ಹಿಡಿದು, ಮಿರಿಯಂ ಮಕೇಬಾ ತಾನು ಹುಟ್ಟಿದ ನಾಡಿಗೆ ಪರದೇಶದವಳಂತೆ ಕಾಲಿಟ್ಟಳು. ಹೋಗುವಾಗ ೨೭ರ ತರುಣಿ. ಮರಳುವಾಗ ೫೮ರ ಅಜ್ಜಿ. ತಾಯಿ ಮಣ್ಣಾಗಿ ಮೂವತ್ತು ವರ್ಷ ಕಳೆದಿತ್ತು. ೧೯೯೪ರಲ್ಲಿ ಆ ದೇಶದ ಎಲ್ಲ ಬಣ್ಣದ ಜನರೂ ಮೊದಲ ಬಾರಿಗೆ ಮತ ಹಾಕಿದರು. ತಾಯ್ನಾಡಿಗೆ ಮರಳಿದ ಮೇಲೆ ಅವಳ ಕೊನೆಯ ವರ್ಷಗಳು ಗೌರವದಿಂದ ಕಳೆದವು: ಚಲನಚಿತ್ರದಲ್ಲಿ ನಟಿಸಿದಳು, ನೊಂದ ಹೆಣ್ಣುಮಕ್ಕಳಿಗಾಗಿ ಆಶ್ರಯಧಾಮ ತೆರೆದಳು, ೧೯೯೯ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ರಾಯಭಾರಿಯಾದಳು, ೨೦೦೨ರಲ್ಲಿ ಸ್ವೀಡನ್ನಿನ ಪೋಲಾರ್ ಸಂಗೀತ ಪ್ರಶಸ್ತಿ ಪಡೆದಳು. ವಿದಾಯದ ಸಂಚಾರವೆಂದು ೨೦೦೫ರಲ್ಲಿ ಹೊರಟವಳು ಕರೆದಲ್ಲೆಲ್ಲ ಹಾಡುತ್ತಲೇ ಇದ್ದಳು.

ಕೊನೆಯ ಕರೆ ಬಂದದ್ದು ಇಟಲಿಯಿಂದ. ನೇಪಲ್ಸಿನ ಸಮೀಪದ ಕಸ್ತೆಲ್ ವೊಲ್ತೂರ್ನೋ ಎಂಬ ಊರಿನಲ್ಲಿ ೨೦೦೮ರ ಸೆಪ್ಟೆಂಬರಿನಲ್ಲಿ, ಹೊಟ್ಟೆಪಾಡಿಗಾಗಿ ಬಂದಿದ್ದ ಆರು ಮಂದಿ ಆಫ್ರಿಕನರನ್ನು ಅಲ್ಲಿಯ ಪಾತಕಿಗಳ ಕೂಟವೊಂದು ಗುಂಡಿಕ್ಕಿ ಕೊಂದಿತ್ತು. ಆ ಕೂಟದ ಕೃತ್ಯಗಳನ್ನು ಬಯಲಿಗೆಳೆದು ಪ್ರಾಣಭಯದಲ್ಲಿ ಬದುಕುತ್ತಿದ್ದ ರೊಬೆರ್ತೋ ಸವಿಯಾನೊ ಎಂಬ ಯುವ ಲೇಖಕನ ಬೆಂಬಲಕ್ಕಾಗಿ ನವೆಂಬರ್ ೯ರಂದು ಅಲ್ಲಿ ಒಂದು ಸಂಗೀತ ಸಭೆ ಏರ್ಪಾಡಾಯಿತು. ಎಪ್ಪತ್ತಾರರ ಮಿರಿಯಂ ಅಲ್ಲಿಗೆ ಹೋಗಿ ಹಾಡಿದಳು; ಪಾಟಾ ಪಾಟಾವನ್ನೂ ಹಾಡಿದಳು. ಬಳಿಕ ಕುಸಿದಳು. ಹೃದಯಾಘಾತವಾಗಿತ್ತು, ನಡುರಾತ್ರಿ ಕಳೆಯುವಷ್ಟರಲ್ಲಿ ಪ್ರಾಣ ಹೋಯಿತು. ತಾನು ಅಲ್ಲಿಯವಳಲ್ಲ, ಸತ್ತವರು ತನ್ನ ಬಂಧುಗಳಲ್ಲ, ಹೋಗದಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಆದರೆ ಪರದೇಶದಲ್ಲಿ ದಿಕ್ಕಿಲ್ಲದೆ ಸತ್ತವರ ಪರವಾಗಿ ನಿಲ್ಲಬೇಕೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಕಲೆಗೂ ರಾಜಕೀಯಕ್ಕೂ ಸಂಬಂಧವಿರಬಾರದೆಂದು ವಾದಿಸುವವರುಂಟು. ನಮ್ಮ ಚರ್ಚಾಕೂಟಗಳಲ್ಲೂ ಈ ವಿಷಯ ಬರುತ್ತಲೇ ಇರುತ್ತದೆ. ಮಿರಿಯಂ ರಾಜಕೀಯವನ್ನು ಹುಡುಕಿಕೊಂಡು ಹೋದವಳಲ್ಲ. ಹದಿನೆಂಟು ದಿನದ ಕೂಸಾಗಿದ್ದಾಗ ಅದೇ ಅವಳನ್ನು ಹುಡುಕಿಕೊಂಡು ಬಂದಿತ್ತು. ತಾಯಿಯ ಸಾವಿಗೆ ಹೋಗಬೇಕೆಂದು ಕೇಳುವುದೂ ರಾಜದ್ರೋಹವಾಗುವ ನಾಡಿನಲ್ಲಿ, ತನ್ನ ನುಡಿಯಲ್ಲಿ ಒಂದು ಮದುವೆಯ ಹಾಡು ಹಾಡುವುದೂ ಪ್ರತಿಭಟನೆಯೇ ಆಗುತ್ತದೆ.

ನಮ್ಮ ಸೀಮೆಯವರೂ ಬಹುಕಾಲದಿಂದ ಊರು ಬಿಟ್ಟು ಹೋಗುತ್ತಿರುವವರೇ. ಮುಂಬಯಿಯ ಹೋಟೆಲುಗಳಿಗೆ, ಕೊಲ್ಲಿಯ ದೇಶಗಳಿಗೆ, ಈಗ ಬೆಂಗಳೂರಿನ ಕಚೇರಿಗಳಿಗೆ ಹೋದವರಿಲ್ಲದ ಮನೆ ಪುತ್ತಿಗೆಯ ಸುತ್ತಮುತ್ತ ಅಪರೂಪ. ಹೋದವರು ಅಲ್ಲಿ ಯಕ್ಷಗಾನದ ಚೆಂಡೆ ಬಾರಿಸಿ ಊರನ್ನು ನೆನೆಯುತ್ತಾರೆ. ನಮಗೆ ಮರಳಿ ಬರುವ ದಾರಿ ತೆರೆದಿದೆ. ಯಾವ ಸರಕಾರವೂ ಅದನ್ನು ಮುಚ್ಚಿಲ್ಲ. ಬರುವ ವರ್ಷ ಈ ತರಗತಿಯಿಂದ ಹೊರಬಿದ್ದು ನಾವೂ ನಾನಾ ಕಡೆಗೆ ಚದುರಲಿದ್ದೇವೆ. ಕೈಯಲ್ಲಿ ಪದವಿಪತ್ರವಿರುತ್ತದೆ, ಅದು ಕೆಲಸ ಕೊಡಿಸಬಹುದು. ಅದರ ಜೊತೆಗೆ ಮನೆಯವರ ಬಾಯಿಂದ ಕಲಿತ ಒಂದು ಹಾಡೂ ಇದ್ದರೆ, ಹೋದ ಊರಿನಲ್ಲಿ ನಾವು ಯಾರೆಂದು ಕೇಳಿದವರಿಗೆ ಹೇಳಲು ನಮ್ಮ ಬಳಿ ಉತ್ತರವಿರುತ್ತದೆ. ಬೇಸಗೆಯ ರಜೆಯಲ್ಲಿ ತಾಯಿಯ ಬಳಿ ಕುಳಿತು ಒಂದು ಪಾಡ್ದನವನ್ನಾದರೂ ಮೊದಲಿನಿಂದ ಕೊನೆಯವರೆಗೆ ಬರೆದುಕೊಳ್ಳಬೇಕೆಂದು ನಾನು ನಿಶ್ಚಯಿಸಿದ್ದೇನೆ.